ಕ್ಯಾನ್ವಾಸಿಗೆ ಕ್ಲಿಯರ್ ಹೊಡೆದ ವರ್ಷಗಳು

ಹೋದ ತಿಂಗಳು ಕುಮಟೆಯ ಕಡೆಯ ಒಬ್ಬ ತರುಣ ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದ. ಫೋಟೋಗಳನ್ನು ಕ್ಯಾನ್ವಾಸ್ ಬಟ್ಟೆಯ ಮೇಲೆ ಅಚ್ಚು ಹಾಕಿ ಕೊಡುವ ಅಂಗಡಿ ತೆರೆಯುತ್ತಿದ್ದಾನಂತೆ. ಯಂತ್ರ ಬಂದಿದೆ, ಕಂಪ್ರೆಸರ್ ಬಂದಿದೆ, ಸ್ಪ್ರೇ ಗನ್ನೂ ಬಂದಿದೆ. "ಕ್ಲಿಯರ್ ಹೊಡೂದೊಂದು ಕೇಳ್ಕಂಡು ಹೋಗ್ವಾ ಅಂತ ಬಂದೆ. ಎಂತ, ಗುಂಡಿ ಒತ್ತಿದ್ರೆ ಆತಲ್ಲ?" ಅಂದ. ನಾನೂ ಆತು ಅಂದೆ. ಚಹಾ ಕುಡಿದು ಹೋದ. ಅವನು ಗೇಟು ದಾಟಿದ ಮೇಲೆ ನನಗೆ ಸಿಟ್ಟು ಬಂತು. ಗುಂಡಿ ಒತ್ತಿದರೆ ಮುಗಿಯುವ ಕೆಲಸಕ್ಕೆ ನಾನು ಮೂಗು, ಕಣ್ಣು, ಪುಪ್ಪುಸ ಮೂರನ್ನೂ ಸವೆಸಿದೆ ಎಂದು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ. ಅವನು ಓದುತ್ತಾನೆಂಬ ಭರವಸೆ ಏನಿಲ್ಲ.

ಮೊದಲು ಕ್ಲಿಯರ್ ಎಂದರೇನು ಎಂದು ಹೇಳಿಬಿಡುತ್ತೇನೆ. ಅದು ಬಣ್ಣವಿಲ್ಲದ ವಾರ್ನಿಶ್. ಕ್ಯಾನ್ವಾಸಿನ ಮೇಲೆ ಅಚ್ಚಾದ ಚಿತ್ರಕ್ಕೆ ಅದನ್ನು ಗಾಳಿಯ ಒತ್ತಡದಿಂದ ಮಂಜಿನ ಹಾಗೆ ಹೊಡೆಯುತ್ತಾರೆ. ಆರಿದ ಮೇಲೆ ಚಿತ್ರದ ಮೇಲೆ ಒಂದು ತೆಳ್ಳಗಿನ ಪದರ ಕೂತುಕೊಳ್ಳುತ್ತದೆ. ನೀರು, ಧೂಳು, ಊದಬತ್ತಿಯ ಹೊಗೆ, ಬೆರಳಿನ ಜಿಡ್ಡು ಯಾವುದೂ ಶಾಯಿಯನ್ನು ಮುಟ್ಟುವುದಿಲ್ಲ. ಆ ಕಾಲದ ಶಾಯಿಯಂತೂ ನೀರಿನ ಶಾಯಿ. ಒದ್ದೆ ಬೆರಳು ಇಟ್ಟರೆ ಬೆರಳಿಗೇ ಬರುತ್ತಿತ್ತು. ಸರಿಯಾಗಿ ಹೊಡೆದ ಕ್ಲಿಯರ್ ಯಾರ ಕಣ್ಣಿಗೂ ಬೀಳುವುದಿಲ್ಲ, ಹಾಗಾಗಿ ಈ ಕೆಲಸದಲ್ಲಿ ಹೊಗಳಿಕೆಯನ್ನು ಯಾರೂ ನಿರೀಕ್ಷಿಸಬಾರದು.

ನಾನು ಗನ್ ಹಿಡಿದದ್ದು ಕುಮಟೆಯ ಒಂದು ಗ್ಯಾರೇಜಿನಲ್ಲಿ, ತೊಂಬತ್ತರ ದಶಕದ ಕೊನೆಯ ಹೊತ್ತಿಗೆ. ಅಲ್ಲಿ ಲಾರಿ, ಜೀಪು, ಟೆಂಪೋಗಳಿಗೆ ಬಣ್ಣ ಹೊಡೆಯುತ್ತಿದ್ದೆವು. ಅಲ್ಲಿನ ಮೇಸ್ತ್ರಿಯನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಮಾತು ಕಡಿಮೆ, ಬೈಗುಳ ಜಾಸ್ತಿ. ಬೆಳಿಗ್ಗೆ ಬಂದವರು ಮೊದಲು ಕಂಪ್ರೆಸರಿನ ಅಡಿಯ ನಲ್ಲಿ ತಿರುಗಿಸಿ ಟಾಂಕಿಯ ನೀರು ಬಿಡಬೇಕು. ನಮ್ಮ ಕರಾವಳಿಯ ಗಾಳಿಯಲ್ಲಿ ಅರ್ಧ ನೀರೇ. ಅದನ್ನು ಹಿಂಡಿದಾಗ ನೀರು ಟಾಂಕಿಯಲ್ಲಿ ಕೂರುತ್ತದೆ. ಬಿಡದಿದ್ದರೆ ಗನ್ನಿನ ಮೂತಿಯಿಂದ ಪಿಚಕ್ ಎಂದು ಹಾರುತ್ತದೆ. ಒಮ್ಮೆ ನಾನು ಮರೆತು ಒಂದು ಜೀಪಿನ ಬಾನೆಟ್ ತುಂಬ ಸಿಡುಬು ಎಬ್ಬಿಸಿದ್ದೆ. ಉಸ್ತಾದ್ ಅದನ್ನು ನೋಡಿ, "ಇದಕ್ಕೆ ಬೇವಿನ ಸೊಪ್ಪು ಕಟ್ಟಿ ಮಲಗಿಸು," ಎಂದರು. ಆಮೇಲೆ ಬಾನೆಟ್ ಪೂರ್ತಿ ಉಜ್ಜಿಸಿದರು.

ಅವರಿಂದ ಕಲಿತದ್ದು ಇಷ್ಟೇ: ಕೈಯನ್ನು ಚಿತ್ರದ ಹೊರಗೆ ಸುರು ಮಾಡಬೇಕು, ಹೊರಗೇ ನಿಲ್ಲಿಸಬೇಕು. ನಡುವೆ ನಿಂತರೆ ಅಲ್ಲಿ ಗಟ್ಟಿಯಾಗಿ ಇಳಿಯುತ್ತದೆ. ಮಣಿಕಟ್ಟು ಬೀಸಬಾರದು, ತೋಳು ಪೂರ್ತಿ ಸರಿಯಬೇಕು. ಕಣ್ಣಿಗಿಂತ ಕಿವಿಯನ್ನು ನಂಬಬೇಕು. ಗನ್ ಸರಿ ಇದ್ದರೆ ಒಂದೇ ಸಮನೆ ಉಸಿರುತ್ತದೆ. ಮೂತಿ ಕಟ್ಟುತ್ತಿದ್ದರೆ ಗೊರಗೊರ ಎನ್ನುತ್ತದೆ. ಈ ವಿದ್ಯೆ ಲಾರಿಗೂ ಅದೇ, ದೇವರ ಪಟಕ್ಕೂ ಅದೇ.

ಹೊನ್ನಾವರದ ಪ್ರಭಾಕರಣ್ಣ ನನ್ನನ್ನು ಕಂಡದ್ದು ಆ ಗ್ಯಾರೇಜಿನಲ್ಲೇ. ಅವರದ್ದು ಫೋಟೋ ಸ್ಟುಡಿಯೋ. ರೀಲಿನ ಕಾಲ ಮುಗಿಯುತ್ತಿದೆ ಎಂದು ಎಲ್ಲರಿಗಿಂತ ಮೊದಲು ತಿಳಿದುಕೊಂಡವರು, ಹಾಗೆ ತಿಳಿದುಕೊಂಡೆನೆಂದು ಎಲ್ಲರಿಗೂ ಹೇಳುತ್ತಿದ್ದವರು. ತಮ್ಮ ಸ್ಕೂಟರಿಗೆ ಬಣ್ಣ ಹೊಡೆಸಲು ಬಂದವರು ನನ್ನ ಕೈ ನೋಡುತ್ತ ನಿಂತರು. "ಲಾರಿಗೆ ಹೊಡ್ದು ಹೊಡ್ದು ಎಂತ ಮಾಡ್ತೆ? ನನ್ನಲ್ಲಿಗೆ ಬಾ, ಮನುಷ್ಯರ ಮುಖಕ್ಕೆ ಹೊಡಿ," ಎಂದರು. ಹೊಡೆಯಬೇಕಾದದ್ದು ಕ್ಯಾನ್ವಾಸಿನ ಮೇಲಿನ ಮುಖಕ್ಕೆ ಎಂದು ಆಮೇಲೆ ತಿಳಿಯಿತು. ಒಂದೆರಡು ವರ್ಷ ಬಿಟ್ಟು, ಅಚ್ಚು ಹಾಕುವ ಅವರ ದೊಡ್ಡ ಯಂತ್ರ ಬಂದ ಮೇಲೆ ಹೋದೆ. ಸ್ಟುಡಿಯೋದ ಹಿಂದಿನ ಕತ್ತಲೆ ಕೋಣೆ, ಅಂದರೆ ಮೊದಲು ರೀಲು ತೊಳೆಯುತ್ತಿದ್ದ ಕೋಣೆ, ನನ್ನ ಪಾಲಿಗೆ ಬಂತು. ಗೋಡೆಗೆ ಪ್ಲಾಸ್ಟಿಕ್ ಹಾಳೆ, ಕಿಟಕಿಗೆ ಗಾಳಿ ಹೊರದೂಡುವ ಫ್ಯಾನು, ನೂರು ವ್ಯಾಟಿನ ಬಲ್ಬುಗಳ ಒಂದು ಸಾಲು. ಆರೋಗ್ಯಕ್ಕೆ ಮುಖವಾಡ ಬೇಕು ಎಂದಾಗ ಪ್ರಭಾಕರಣ್ಣ ಮೂಗಿಗೆ ಕಟ್ಟಿಕೊಳ್ಳಲು ಹೊಸ ಬೈರಾಸು, ಅಂದರೆ ಟವೆಲು, ತಂದುಕೊಟ್ಟರು.

ಗಿರಾಕಿಗಳ ಮೊದಲ ಬೇಡಿಕೆ ಹೊಳಪು. ಹೊಳೆಯದಿದ್ದರೆ ಕೊಟ್ಟ ದುಡ್ಡು ವಸೂಲಾಗಲಿಲ್ಲ ಎಂಬ ಭಾವನೆ. ಕುಮಟೆಯ ಒಬ್ಬ ವಕೀಲರು ತೀರಿಕೊಂಡ ತಮ್ಮ ತಂದೆಯ ಪಟಕ್ಕೆ ಕನ್ನಡಿಯಂಥ ಹೊಳಪು ಬೇಕೆಂದರು. ಮಂದ ಹೊಳಪಿನದು ಒಳ್ಳೆಯದೆಂದೆ. "ನಿಮ್ಮ ವಾದ ಆತು, ಈಗ ಹೊಡೀರಿ," ಅಂದರು. ಹೊಡೆದೆ. ವಾರ ಕಳೆದು ಪಟ ಹೊತ್ತುಕೊಂಡು ಮರಳಿ ಬಂದರು. ಎದುರು ಗೋಡೆಯ ಟ್ಯೂಬ್‌ಲೈಟ್ ತಂದೆಯ ಮೂಗಿನ ಮೇಲೆ ಅಡ್ಡ ಮಲಗುತ್ತದಂತೆ. ಮನೆಯಲ್ಲಿ ಎಲ್ಲಿ ತೂಗಿದರೂ ಯಾವುದಾದರೂ ದೀಪ ಬಂದು ಕೂರುತ್ತದಂತೆ. "ಅಪ್ಪ ಬದುಕಿದ್ದಾಗ ಕರೆಂಟ್ ಬಿಲ್ ನೋಡಿ ಬಯ್ತಿದ್ದ. ಈಗ ಅವನ ಮುಖದ ಮೇಲೇ ಲೈಟು," ಎಂದು ತಾವೇ ನಕ್ಕರು. ಅದರ ಮೇಲೆಯೇ ಮಂದ ಕ್ಲಿಯರ್ ಹೊಡೆದು ಕೊಟ್ಟೆ.

ಭಟ್ಕಳದ ಕೆಲಸ ಬೇರೆ ಥರ. ಗಲ್ಫಿನಲ್ಲಿ ದುಡಿಯುವವರು ರಜೆಗೆ ಬಂದಾಗ ಇಡೀ ಕುಟುಂಬದ ಫೋಟೋ ತೆಗೆಸಿ, ಹಾಲಿನ ಗೋಡೆಯಷ್ಟು ಅಗಲ ಮಾಡಿಸುತ್ತಿದ್ದರು. ರಜೆ ಮುಗಿಯುವ ಮೊದಲು ಬೇಕು ಎಂಬುದೊಂದೇ ಅವರ ಷರತ್ತು. ಅವರು ಕೊಂಕಣಿಗೆ ಹತ್ತಿರದ ನವಾಯತಿಯಲ್ಲಿ ಹೇಳುವುದು, ನಾನು ಕೊಂಕಣಿಯಲ್ಲಿ ಉತ್ತರ ಕೊಡುವುದು, ಜಗಳ ಬಂದರೆ ಇಬ್ಬರೂ ಕನ್ನಡಕ್ಕೆ ಇಳಿಯುವುದು. ಅಂಥದೊಂದು ದೊಡ್ಡ ಪಟಕ್ಕೆ ಕ್ಲಿಯರ್ ಹೊಡೆದು ಇನ್ನೂ ಆರಿರಲಿಲ್ಲ, ಒಂದು ನೊರಜು ಎಲ್ಲಿಂದಲೋ ಬಂದು ಮನೆಯ ಸಣ್ಣ ಮೊಮ್ಮಗಳ ಕೆನ್ನೆಯ ಮೇಲೆ ಕೂತು ಅಲ್ಲೇ ಸತ್ತಿತು. ಹಸಿಯಿದ್ದಾಗ ಕೀಳಲು ಹೋದರೆ ಕೆನ್ನೆಯೇ ಎದ್ದು ಬರುತ್ತದೆ. ಒಣಗಿದ ಮೇಲೆ ಕೀಳೋಣವೆಂದರೆ ಅವರ ವಿಮಾನ ಮರುದಿನ. ಹಾಗೇ ಒಯ್ದುಕೊಟ್ಟೆ. ಮನೆಯ ಯಜಮಾನರು ಹತ್ತಿರ ಹೋಗಿ ನೋಡಿದರು, ಹುಬ್ಬು ಗಂಟಿಕ್ಕಿದರು. ಅಷ್ಟರಲ್ಲಿ ಅವರ ತಾಯಿ ಕನ್ನಡಕ ಹಾಕಿಕೊಂಡು ಬಂದು, "ಕಪ್ಪು ಬೊಟ್ಟು ಇಟ್ಟಿದಾರೆ, ನಜರ್ ತಾಗದ ಹಾಗೆ. ಬುದ್ಧಿ ಇರೋ ಮನುಷ್ಯ," ಎಂದರು. ಬುದ್ಧಿ ಇರುವ ಮನುಷ್ಯನೆಂದು ನನ್ನನ್ನು ಕರೆದವರು ಇಡೀ ವೃತ್ತಿಯಲ್ಲಿ ಅವರೊಬ್ಬರೇ. ನೊರಜಿನ ಸಂಗತಿ ಹೇಳಿ ಅವರ ಮನಸ್ಸು ನೋಯಿಸುವುದು ನನಗೆ ಸರಿ ಕಾಣಲಿಲ್ಲ.

ಬದಲಾವಣೆಯ ವಿಷಯಕ್ಕೆ ಬರುತ್ತೇನೆ. ಮೊದಲು ನಾವು ಹೊಡೆಯುತ್ತಿದ್ದದ್ದು ಥಿನ್ನರಿನಲ್ಲಿ ಕಲಸುವ ಕ್ಲಿಯರ್. ವಾಸನೆ ಮುಂದಿನ ಕಿರಾಣಿ ಅಂಗಡಿಯ ಅವಲಕ್ಕಿಗೂ ಹತ್ತುತ್ತಿತ್ತು. ಒಂದು ದಿನ ಪ್ರಭಾಕರಣ್ಣ ಹುಬ್ಬಳ್ಳಿಯಿಂದ ನೀರಿನಲ್ಲಿ ಕಲಸುವ ಹೊಸ ಕ್ಲಿಯರಿನ ಡಬ್ಬಿ ತಂದರು. ವಾಸನೆಯಿಲ್ಲ, ಬೆಂಕಿಯ ಭಯವಿಲ್ಲ. ನಮ್ಮ ಶಾಯಿ ನೀರಿನದು, ಮೇಲೆ ನೀರು ಬಿದ್ದರೆ ಕದಡೀತು, ಒಂದು ಹಾಳು ತುಂಡಿನ ಮೇಲೆ ನೋಡೋಣ ಎಂದೆ. ಅವರಿಗೆ ತಾಳ್ಮೆ ಎಲ್ಲಿ. ಗೇರುಸೊಪ್ಪದಿಂದ ಬಂದಿದ್ದ ಒಂದು ಮದುವೆಯ ಪಟ ಎದುರಿಗಿತ್ತು. ಅದರ ಮೇಲೆ ತಾವೇ ಹೊಡೆದರು. ವರನ ಮುಂಡಾಸಿನ ಕೆಂಪು ನಿಧಾನವಾಗಿ ಅವನ ಹಣೆಗೆ ಇಳಿಯಿತು, ಹಣೆಯಿಂದ ಮೂಗಿಗೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಮಾಲಕನಿಗೆ ಹಾಗೆ ಹೇಳಲಾಗುವುದಿಲ್ಲ. "ಯುದ್ಧದಿಂದ ಬಂದ ಹಾಗೆ ಕಾಣ್ತ," ಅಂದೆ. ಅವರು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾವು ಥಿನ್ನರಿನ ಕ್ಲಿಯರಿಗೇ ಮರಳಿದೆವು. ಆ ಪಟವನ್ನು ಮತ್ತೆ ಅಚ್ಚು ಹಾಕಿದೆವು, ಗಿರಾಕಿಗೆ ಗೊತ್ತಾಗಲಿಲ್ಲ. ಮತ್ತೆ ಅಚ್ಚು ಹಾಕಬಹುದಾದ ಚಿತ್ರವಾದರೆ ತಪ್ಪು ತಪ್ಪೇ ಅಲ್ಲ, ಖರ್ಚು ಅಷ್ಟೆ.

ಮತ್ತೆ ಅಚ್ಚು ಹಾಕಲಾಗದ ಚಿತ್ರವೊಂದು ಬಂತು. ಉಳಿದದ್ದನ್ನು ಮರೆತರೂ ಅದನ್ನು ನಾನು ಮರೆತಿಲ್ಲ.

ಮಂಕಿಯ ಮಾದೇವಿ ಎಂಬ ಹೆಂಗಸು. ಮೀನು ಮಾರುವವಳು. ಅವಳ ಒಬ್ಬನೇ ಮಗ ಒಂದು ಮಳೆಗಾಲದಲ್ಲಿ ದೋಣಿ ಮಗುಚಿ, ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಹೋಗಿಬಿಟ್ಟ. ಹೆಣ ಸಿಕ್ಕಲಿಲ್ಲ. ಅವನದೊಂದು ಸಣ್ಣ ಫೋಟೋ ಇತ್ತು, ಅಂಗೈಯ ಅರ್ಧದಷ್ಟು. ಮಾದೇವಿಯ ತಮ್ಮ ತಿಮ್ಮಪ್ಪ ಅದನ್ನು ತಂದು, ಕ್ರಿಯೆಯ ದಿನಕ್ಕೆ ದೊಡ್ಡ ಪಟ ಬೇಕೆಂದ. ಎಡೆಬಿಡದ ಮಳೆ. ಆ ಹಸಿಯಲ್ಲಿ ಕ್ಲಿಯರ್ ಹೊಡೆಯುವ ಹಾಗಿರಲಿಲ್ಲ. ಹೊಡೆಯದೇ ಕೊಟ್ಟು, "ಮುಟ್ಟಬೇಡಿ, ಮಳೆ ಬಿಟ್ಟ ಮೇಲೆ ತನ್ನಿ," ಎಂದು ಹೇಳಿ ಕಳಿಸಿದೆವು. ಮಳೆ ಬಿಟ್ಟ ಮೇಲೆ ಅವರು ಬರಲಿಲ್ಲ. ಬಂದದ್ದು ಮುಂದಿನ ವರ್ಷದ ಮಳೆ ಹಿಡಿದ ಮೇಲೆ.

ತಿಮ್ಮಪ್ಪ ಪಟವನ್ನು ಲುಂಗಿಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದೆಸಿ ತಂದಿದ್ದ, ಜೊತೆಗೆ ಮಾದೇವಿಯೂ ಬಂದಿದ್ದಳು. ಬಿಚ್ಚಿದಾಗ ಪ್ರಭಾಕರಣ್ಣ ನನ್ನ ಮುಖ ನೋಡಿದರು. ಅಂಗಿ ಸರಿಯಿತ್ತು, ಕುತ್ತಿಗೆ ಸರಿಯಿತ್ತು. ಮುಖ ಮಾತ್ರ ಮಾಸಿಹೋಗಿತ್ತು. ಎಡಗೆನ್ನೆ ಮತ್ತು ಎಡಗಣ್ಣಿನ ತುದಿಯಲ್ಲಿ ಬರೀ ಬಟ್ಟೆಯ ನೇಯ್ಗೆ.

"ಇದೆಂತ ಮಾಡಿದ್ರಿ?" ಎಂದು ಪ್ರಭಾಕರಣ್ಣ ಕೇಳಿದರು.

"ಮುಖ ತೊಳ್ದೆ," ಅಂದಳು ಮಾದೇವಿ. "ದಿನಾ ಬೆಳಿಗ್ಗೆ. ಉಪ್ಪುನೀರಲ್ಲಿ ಹೋದ ಮಗ ಅಲ್ದಾ. ಒಂದು ಸಿಹಿನೀರು ಮುಟ್ಟಿಸೂಕೂ ನಂಗೆ ಸಿಗ್ಲಿಲ್ಲ ಅವ."

ತೀರಿಕೊಂಡವರ ಮೈ ತೊಳೆಯುವುದು ಎಲ್ಲರ ಮನೆಯಲ್ಲೂ ಇರುವ ರೂಢಿ. ಇವಳಿಗೆ ತೊಳೆಯಲು ಮೈ ಇರಲಿಲ್ಲ, ಈ ಪಟ ಇತ್ತು. ಯಾರೂ ಅವಳನ್ನು ಬಯ್ಯಲಿಲ್ಲ.

ಹಳೆಯ ಫೈಲಿನಿಂದ ಹೊಸದು ತೆಗೆಯೋಣವೆಂದರೆ ಆ ವರ್ಷದ ಮೊದಲ ಸಿಡಿಲಿಗೇ ಅಂಗಡಿಯ ಕಂಪ್ಯೂಟರ್ ಸುಟ್ಟು ಕರಕಲಾಗಿತ್ತು. ಆ ಸಣ್ಣ ಫೋಟೋ ತನ್ನಿ ಎಂದರು ಪ್ರಭಾಕರಣ್ಣ. ತಿಮ್ಮಪ್ಪ ನೆಲ ನೋಡಿದ. "ಕ್ರಿಯೆ ದಿನ ಅವ್ನ ಬಟ್ಟೆಬರೆ ಎಲ್ಲ ಸಮುದ್ರಕ್ಕೆ ಬಿಟ್ವಲ್ಲ. ದೊಡ್ಡದು ಬಂತಲ್ಲ, ಸಣ್ಣದು ಯಾಕೆ ಅಂತ ಹೇಳಿ ಅಂಗಿ ಕಿಸೆಲೇ ಇಟ್ಟು ಬಿಟ್ಟೆ," ಅಂದ. ಹಾಗೆ ಬಿಡಲು ಹೇಳಿದವನೂ ಅವನೇ, ಬಿಟ್ಟವನೂ ಅವನೇ. ಅಕ್ಕ ಇದ್ದಲ್ಲಿ ಅವನು ತಲೆಯೆತ್ತಿ ನಿಂತದ್ದನ್ನು ನಾನು ಕಾಣಲಿಲ್ಲ.

ಪ್ರಭಾಕರಣ್ಣ ಆ ಪಟದ ಮೇಲಿಂದಲೇ ಹೊಸ ಕ್ಯಾಮೆರಾದಲ್ಲಿ ಫೋಟೋ ತೆಗೆದು ನೋಡಿದರು. ಸವೆದದ್ದು ಇನ್ನಷ್ಟು ಸವೆದಂತೆ ಕಾಣಿಸಿತು. ಹೊಸ ಕಂಪ್ಯೂಟರಿನಲ್ಲಿ ಎಡಗಣ್ಣನ್ನೂ ಕೆನ್ನೆಯನ್ನೂ ಮಾಡಿ ಕೂರಿಸಬಹುದು, ಬಲಗಣ್ಣನ್ನೇ ತಿರುಗಿಸಿ ಹಾಕಬಹುದು ಎಂದರು. ಮಾದೇವಿ ಕೇಳಿಸಿಕೊಂಡಳು. "ನೀವು ಮಾಡಿದ ಕಣ್ಣು ಯಾರದ್ದಾತದೆ?" ಅಂದಳು. "ನಂಗೆ ಮತ್ತೊಂದು ಬ್ಯಾಡ. ಇದ್ರಲ್ಲೇ ಎಷ್ಟು ಉಳ್ದಿದ್ದೋ ಅಷ್ಟು ಉಳ್ಸಿಕೊಡಿ."

ಪ್ರಭಾಕರಣ್ಣ ಆಗುವುದಿಲ್ಲ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ನೀರು ಕುಡಿದು ಕುಡಿದು ಶಾಯಿ ಸಡಿಲವಾಗಿದೆ, ಮೇಲೆ ಮಳೆಗಾಲ, ಉಳಿದದ್ದೂ ಹೋದೀತು, ಆಮೇಲೆ ಅಂಗಡಿಯ ಮುಂದೆ ಅಳು ಕೇಳಬೇಕಾಗುತ್ತದೆ. ದೀಪಾವಳಿ ಕಳೆದು ಬನ್ನಿ, ಅಲ್ಲಿಯವರೆಗೆ ತೊಳೆಯಬೇಡಿ ಎಂದರು.

"ತೊಳೀದೆ ಇರೂಕೆ ನಂಗೆ ಆಗೂದಿಲ್ಲ," ಅಂದಳು.

ಅದನ್ನು ಹಟದಿಂದ ಹೇಳಲಿಲ್ಲ. ಮೊಣಕಾಲು ನೋವಿದೆ, ಮೆಟ್ಟಿಲು ಹತ್ತಲಾಗುವುದಿಲ್ಲ ಎನ್ನುವ ಹಾಗೆ ಹೇಳಿದಳು. ದೀಪಾವಳಿಯವರೆಗೆ ಹೀಗೇ ಬಿಟ್ಟರೆ ಏನೂ ಉಳಿಯುವುದಿಲ್ಲ ಎಂದು ನನಗೆ ಕಂಡಿತು. ನಾನು ಹೊಡೆಯುತ್ತೇನೆ ಎಂದೆ. ಪ್ರಭಾಕರಣ್ಣ, "ಆತು, ಪಾಪ ಪುಣ್ಯ ಎರಡೂ ನಿನ್ನದೇ," ಎಂದು ಮುಂದಿನ ಕೋಣೆಗೆ ಹೋದರು.

ಪಟವನ್ನು ಮೂರ್ನಾಲ್ಕು ದಿನ ಬಲ್ಬುಗಳ ಕೆಳಗೆ ಇಟ್ಟು ಒಣಗಿಸಿದೆ. ಬೆಳಿಗ್ಗೆ ಸಂಜೆ ಕಂಪ್ರೆಸರಿನ ನೀರು ಬಿಟ್ಟೆ. ನಿಧಾನವಾಗಿ ಆರುವ ಥಿನ್ನರು ತರಿಸಿದೆ. ಹೊಡೆಯುವ ದಿನ ಮಾದೇವಿ ತಾನೂ ನೋಡಬೇಕೆಂದು ಬಂದಳು. ವಾಸನೆಗೆ ತಲೆ ತಿರುಗುತ್ತದೆ ಎಂದೆ. "ಮೀನಿನ ಬುಟ್ಟಿ ಹೊತ್ತವಳಿಗೆ ವಾಸನೆ ಹೇಳ್ತ್ಯಾ?" ಅಂದು ಬಾಗಿಲ ಪಕ್ಕದಲ್ಲಿ ಕೂತಳು.

ಮೊದಲು ಅಂಗಿಯ ಮೂಲೆಯಲ್ಲಿ ಸ್ವಲ್ಪ ಹೊಡೆದು ನೋಡಿದೆ. ಶಾಯಿ ಕದಲಲಿಲ್ಲ. ಆಮೇಲೆ ದೂರ ನಿಂತು ಇಡೀ ಪಟಕ್ಕೆ ಬರೀ ಒಂದು ಹಬೆಯಷ್ಟು ಹೊಡೆದೆ. ಆರಿತು. ಎರಡನೆಯದನ್ನು ಹೊಡೆಯುವಾಗ ಹೊರಗೆ ಮಳೆ ಜೋರಾಯಿತು. ಕಿಟಕಿಯ ಸಂದಿಯಿಂದ ತಂಪು ಗಾಳಿ ನುಗ್ಗಿತು. ನಾನು ಹೆದರಿದ್ದು ಅದಕ್ಕೇ. ಥಿನ್ನರು ಆರುವಾಗ ಪಟದ ಮೈ ತಣ್ಣಗಾಗುತ್ತದೆ. ತಣ್ಣಗಾದ ಮೈ ಗಾಳಿಯಲ್ಲಿನ ನೀರನ್ನು ಹಿಡಿದುಕೊಳ್ಳುತ್ತದೆ. ಆಗ ಕ್ಲಿಯರ್ ಬಿಳುಚುತ್ತದೆ. ನೋಡುತ್ತಿದ್ದ ಹಾಗೆ ಪಟದ ಕೆಳಗಿನಿಂದ ಗಂಜಿತಿಳಿಯಂಥ ಬಿಳುಪು ಎದ್ದಿತು. ಅಂಗಿ ಮುಚ್ಚಿತು, ಕುತ್ತಿಗೆ ಮುಚ್ಚಿತು, ಮುಖ ಮುಚ್ಚಿತು.

ಮಾದೇವಿ ಎದ್ದು ನಿಂತಳು. "ಎಲ್ಲಿ ಅವ?" ಅಂದಳು.

ಲಾರಿಯ ಬಾಗಿಲು ಬಿಳುಚಿದರೆ ಮತ್ತೆ ಥಿನ್ನರು ಹೊಡೆದು ಪದರವನ್ನು ಮೆತ್ತಗೆ ಮಾಡಿದರೆ ಒಳಗಿನ ನೀರು ಬಿಟ್ಟುಹೋಗುತ್ತದೆ, ಸ್ವಚ್ಛವಾಗುತ್ತದೆ. ಇಲ್ಲಿ ಪದರ ಮೆತ್ತಗಾದರೆ ಅದರ ಕೆಳಗಿನ ಸಡಿಲ ಶಾಯಿಯೂ ಅದರ ಜೊತೆ ಜಾರಬಹುದು. ಹೊಡೆಯದಿದ್ದರೆ ಅವನು ಆ ಬಿಳುಪಿನ ಹಿಂದೆಯೇ ಉಳಿಯುತ್ತಾನೆ. ಬಲ್ಬುಗಳನ್ನು ಹತ್ತಿರ ಎಳೆದೆ. ಕಾದೆ. ಬಿಳುಪು ಕದಲಲಿಲ್ಲ. "ಮಾದೇವಕ್ಕ, ಇನ್ನೊಂದು ಸಲ ಹೊಡೀಬೇಕು. ಹೋದ್ರೆ ಪೂರ್ತಿ ಹೋತು. ಹೊಡೀಲಾ?" ಎಂದು ಕೇಳಿದೆ.

ಅವಳು ಪಟವನ್ನೇ ನೋಡುತ್ತಿದ್ದಳು. "ಒಂದ್ಸಲ ಹೋದವ್ನೇ ಅಲ್ದಾ," ಅಂದಳು. "ಹೊಡಿ."

ಗನ್ನಿಗೆ ಬರೀ ಥಿನ್ನರು ಹಾಕಿದೆ. ಗಾಳಿ ಕಡಿಮೆ ಮಾಡಿದೆ. ತೋಳನ್ನು ಪಟದ ಹೊರಗೆ ಸುರು ಮಾಡಿ ಹೊರಗೆ ನಿಲ್ಲಿಸಿದೆ, ಮೇಲಿನಿಂದ ಕೆಳಗೆ ಒಂದೇ ಸಲ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅಂಚಿನಿಂದ ಬಿಳುಪು ಕರಗತೊಡಗಿತು. ಕೂದಲು ಕಂಡಿತು. ಹಣೆ ಕಂಡಿತು. ಬಲಗಣ್ಣು, ಮೂಗು, ಬಾಯಿ ಕಂಡವು. ಸವೆದ ಎಡಗೆನ್ನೆ ಸವೆದ ಹಾಗೇ ಇತ್ತು. ಒಂದು ಚೂರೂ ಜಾರಿರಲಿಲ್ಲ.

"ಬಂದ," ಅಂದಳು ಮಾದೇವಿ. ಮತ್ತೊಮ್ಮೆ, "ಬಂದ," ಅಂದಳು. ಗೋಡೆ ಹಿಡಿದುಕೊಂಡು ಅಲ್ಲೇ ಕೂತಳು. ಪ್ರಭಾಕರಣ್ಣ ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದರು. ಮೂಗು ಒರೆಸಿಕೊಂಡು, ಥಿನ್ನರಿನ ವಾಸನೆ ಎಂದರು.

ಮುಂದಿನ ದಿನಗಳಲ್ಲಿ, ಮಳೆ ಬಿಡುವು ಕೊಟ್ಟಾಗಲೆಲ್ಲ, ತೆಳ್ಳಗೆ ತೆಳ್ಳಗೆ ಇನ್ನಷ್ಟು ಪದರ ಕೊಟ್ಟೆ. ಪಟ ಒಯ್ಯುವ ದಿನ, "ಈಗ ತೊಳೂಕೆ ಆತದಾ?" ಎಂದು ಕೇಳಿದಳು. ಒಂದು ಚೊಂಬು ನೀರು ತಂದು ಅವಳ ಎದುರೇ ಮುಖದ ಮೇಲೆ ಸುರಿದೆ. ಹನಿಗಳು ಉರುಳಿ ಕೆಳಗೆ ಬಿದ್ದವು. "ದಿನಾ ತೊಳೀರಿ. ಸಾಬೂನು ಮಾತ್ರ ಬ್ಯಾಡ," ಎಂದೆ. ನನಗೆ ತುಂಬ ಹೆಮ್ಮೆಯಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ದೀಪಾವಳಿ ಕಳೆದ ಮೇಲೆ ಇನ್ನೊಂದು ಪಟ ಕೊಡಲು ಮಂಕಿಗೆ ಹೋಗಿದ್ದೆ. ಮಾದೇವಿಯ ಮನೆ ದಾರಿಯಲ್ಲೇ ಇತ್ತು. ಹೋದೆ. ಅವಳು ಬುಟ್ಟಿ ಇಳಿಸಿ ಆಗಷ್ಟೇ ಬಂದಿದ್ದಳು. ಕೂರಿಸಿ ಚಹಾ ಕೊಟ್ಟಳು. ಪಟ ಒಳಬಾಗಿಲ ಮೇಲೆ ಇತ್ತು, ಕೈಗೆ ಎಟಕುವಷ್ಟು ಎತ್ತರದಲ್ಲಿ. ಎದ್ದು ನೋಡಿದೆ. ಬಿಳುಪಿಲ್ಲ, ಬಿರುಕಿಲ್ಲ, ಹಳದಿ ತಿರುಗಿಲ್ಲ. ಉಳಿದಿದ್ದ ಶಾಯಿ ಗಟ್ಟಿಯಾಗಿ ನಿಂತಿತ್ತು.

"ಈಗ ತೊಳೀತ್ರಾ?" ಎಂದು ಕೇಳಿದೆ.

"ತೊಳೀತೆ," ಅಂದಳು. ತಂಬಿಗೆಯ ನೀರಲ್ಲಿ ಸೆರಗಿನ ತುದಿ ಅದ್ದಿ, ಹಣೆಯಿಂದ ಗದ್ದದವರೆಗೆ ಒರೆಸಿದಳು. ಒರೆಸಿ ಆ ಸೆರಗನ್ನು ಬೆಳಕಿಗೆ ಹಿಡಿದು ನೋಡಿದಳು. ಬಿಳಿ ಅಂಚಿನ ಸೀರೆ, ಚೊಕ್ಕಟವಾಗಿತ್ತು.

"ಮುಂಚೆ ಒರೆಸಿದ್ರೆ ಅವ್ನ ಬಣ್ಣ ಇಲ್ಲಿ ಹತ್ತುತಿತ್ತು," ಅಂದಳು. "ದಿನಾ ಒಂಚೂರು ಬರ್ತಿದ್ದ. ಈಗ ಬರೂದಿಲ್ಲ."

ಕೆಲಸದಲ್ಲಿ ಏನಾದರೂ ಕೊರತೆ ಇದೆಯೇ ಎಂದು ಮತ್ತೊಮ್ಮೆ ಪಟ ನೋಡಿದೆ. ಇರಲಿಲ್ಲ.